ಸದ್ದು ನಿಂತ ಹನ್ನೊಂದು ದಿನ

ಲಿಫ್ಟ್ ರಿಪೇರಿ ಮಾಡುವವರಲ್ಲಿ ಎರಡು ಬಗೆ. ಬಿಚ್ಚಿ ನೋಡಿ ತಿಳಿಯುವವರು ಒಂದು, ಕೇಳಿ ತಿಳಿಯುವವರು ಇನ್ನೊಂದು. ನಮ್ಮ ಮೆಕ್ಯಾನಿಕ್ ಎರಡನೆಯ ಬಗೆಯವನು. ಆ ಬಗ್ಗೆ ಅವನಿಗೆ ಕೊಂಚ ಜಂಬವೂ ಇತ್ತು. ಮೇಲಂತಸ್ತಿನ ಮೋಟರ್ ಕೋಣೆಗೆ ಹೋಗಿ, ಕಣ್ಣು ಮುಚ್ಚಿ, ಬಲಗಿವಿಯನ್ನು ಯಂತ್ರದತ್ತ ವಾಲಿಸಿ ಒಂದು ನಿಮಿಷ ನಿಂತನೆಂದರೆ ಸಾಕು, ಯಾವ ಬೇರಿಂಗ್ ಸವೆದಿದೆ, ಎಲ್ಲಿ ಬ್ರೇಕ್ ಉಜ್ಜುತ್ತಿದೆ ಎಂದು ಹೇಳಿಬಿಡುತ್ತಿದ್ದ. ಬೇರೆಯವರು ಅರ್ಧ ದಿನ ನಟ್ಟು ಬೋಲ್ಟು ಬಿಚ್ಚಿ ಹೇಳುವುದನ್ನು ಇವನು ಅಂಗಿಯ ತೋಳು ಮಡಿಸದೆ ಹೇಳುತ್ತಿದ್ದ. ಇಪ್ಪತ್ತಾರು ವರ್ಷ ಅವನ ಸಂಸಾರ ಸಾಗಿದ್ದು ಕೈಯಿಂದ ಎನ್ನುವುದಕ್ಕಿಂತ ಕಿವಿಯಿಂದ.

ಹಾಗಾಗಿ ಆ ಗುಂಯ್ ಎನ್ನುವ ಸದ್ದು ಮೊದಲ ಸಲ ಕೇಳಿಸಿದಾಗ ಅವನು ತಪ್ಪು ಹೊರಿಸಿದ್ದು ಯಂತ್ರದ ಮೇಲೆ. ಏಳು ಅಂತಸ್ತಿನ ಕಟ್ಟಡವೊಂದರ ಲಿಫ್ಟನ್ನು ನಿಲ್ಲಿಸಿ ಮೋಟರನ್ನು ಪೂರ್ತಿ ಬಿಚ್ಚಿ ಹಾಕಿದ. ಆರನೇ ಅಂತಸ್ತಿನ ನಿವೃತ್ತ ಮೇಷ್ಟ್ರು ತರಕಾರಿ ಚೀಲ ಹೊತ್ತು ಮೆಟ್ಟಿಲು ಹತ್ತಿದರು, ಒಂದೊಂದು ಅಂತಸ್ತಿಗೂ ನಿಂತು ಅವನಿಗೆ ಒಂದೊಂದು ಮಾತು ಹೇಳಿದರು. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಎನ್ನುತ್ತಾರಲ್ಲ, ಇಲ್ಲಿ ಇಲಿಯೂ ಸಿಗಲಿಲ್ಲ. ಮಾರನೆಯ ವಾರ ಇನ್ನೊಂದು ಕಟ್ಟಡದಲ್ಲಿ ಅದೇ ಸದ್ದು. ಅದನ್ನೂ ಬಿಚ್ಚಿದ. ಮೂರನೆಯ ಕಡೆ ಕೇಳಿಸಿದಾಗ ಕರೆಂಟಿನವರನ್ನು ಬೈದ. ಕೊನೆಗೊಂದು ಭಾನುವಾರ ಬೆಳಿಗ್ಗೆ ಸ್ನಾನ ಮಾಡುತ್ತಿದ್ದಾಗ ಬಚ್ಚಲಲ್ಲೂ ಅದೇ ಗುಂಯ್ ಕೇಳಿಸಿತು. ಅವನ ಮನೆ ಇರುವುದು ನೆಲ ಅಂತಸ್ತಿನಲ್ಲಿ, ಆ ಕಟ್ಟಡಕ್ಕೆ ಲಿಫ್ಟೇ ಇಲ್ಲ.

ಮೈಮೇಲೆ ಸೋಪಿನ ನೊರೆ ಇದ್ದಂತೆಯೇ ಅವನು ಬಲಗಿವಿಗೆ ಬೆರಳಿಟ್ಟು ನೋಡಿದ. ಸದ್ದು ಹೋಗಲಿಲ್ಲ, ಜೋರಾಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದು ತಾನೇ ಎಂದು ಆಗ ತಿಳಿಯಿತು.

ಬೀದಿ ತಿರುವಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. "ಹೊರಗಡೆ ಎಲ್ಲ ಚೆನ್ನಾಗಿದೆ. ಒಳಗಿನದನ್ನ ನೋಡೋಕೆ ನನ್ನ ಹತ್ರ ಸಾಧನ ಇಲ್ಲ. ದೊಡ್ಡಾಸ್ಪತ್ರೆಯ ಕಿವಿ ತಜ್ಞರಿಗೆ ಬರೆದು ಕೊಡ್ತೀನಿ, ಅವರು ದಿನ ಕೊಡ್ತಾರೆ" ಎಂದರು. ದಿನವೇನೋ ಕೊಟ್ಟರು. ಏಳು ತಿಂಗಳ ಆಚೆಗೆ, ಒಂದು ಗುರುವಾರ, ಹತ್ತು ಗಂಟೆ ನಲವತ್ತು ನಿಮಿಷಕ್ಕೆ.

"ಏಳು ತಿಂಗಳಾದ ಮೇಲೆ ನಲವತ್ತನೇ ನಿಮಿಷಕ್ಕೇ ಬಿಡುವಾಗುತ್ತೆ ಅಂತ ಈಗಲೇ ಹೇಗೆ ಗೊತ್ತು ಇವರಿಗೆ?" ಎಂದು ಅವನು ಆ ಕಾಗದವನ್ನು ಬೆಳಕಿಗೆ ಹಿಡಿದು ಕೇಳಿದ. ಅವನಿಗೆ ಸಿಟ್ಟು ಬಂದಿರಲಿಲ್ಲ, ನಿಜಕ್ಕೂ ಆಶ್ಚರ್ಯವಾಗಿತ್ತು.

"ಅಷ್ಟು ದಿನ ಕಾಯೋದಾ?" ಎಂದಳು ಹೆಂಡತಿ.

"ತಾಳಿದವನು ಬಾಳಿಯಾನು" ಎಂದರು ಅತ್ತೆ, ಅಂದರೆ ಅವಳ ತಾಯಿ, ಅವರ ಜೊತೆಯಲ್ಲೇ ಇರುವವರು. ಇನ್ನೊಬ್ಬರ ವಿಷಯಕ್ಕೆ ಬಂದಾಗ ಅತ್ತೆಯ ತಾಳ್ಮೆಗೆ ಎಣೆಯಿರಲಿಲ್ಲ.

ಕಾಯುವುದು ಎಂದರೆ ಕೈಕಟ್ಟಿ ಕೂರುವುದು ಎಂಬ ಅರ್ಥ ಮೆಕ್ಯಾನಿಕ್ಕಿಗೆ ಗೊತ್ತಿರಲಿಲ್ಲ. ಕಂಪನಿಯ ತಪಾಸಣೆ ಪುಸ್ತಕ ಒಂದು ಖಾಲಿ ಇತ್ತು, ಒಂದೊಂದು ಲಿಫ್ಟಿಗೆ ಒಂದೊಂದು ಇಡುವಂಥದ್ದು. ಅದರ ಮೇಲೆ ಯಂತ್ರದ ಹೆಸರಿನ ಜಾಗದಲ್ಲಿ 'ಬಲಗಿವಿ' ಎಂದು ಬರೆದ. ದಿನಾಂಕ, ಸಮಯ, ದೂರು, ಪರೀಕ್ಷೆ, ಸಹಿ. 'ಬೆಳಿಗ್ಗೆ ಆರು. ಗುಂಯ್. ಫ್ರಿಜ್ಜಿನ ಸದ್ದಿಗಿಂತ ಒಂದು ಸ್ವರ ಮೇಲೆ.' 'ಮಧ್ಯಾಹ್ನ ಒಂದು. ದವಡೆ ಮುಂದೆ ಚಾಚಿದರೆ ಅರ್ಧ ಸ್ವರ ಏರುತ್ತದೆ, ಯಾಕೆ?' 'ನಾಲ್ಕು ಅಂತಸ್ತು ಹತ್ತಿದ ಮೇಲೆ ಹೆಚ್ಚು. ಕೂತರೆ ಕಡಿಮೆ.' ಬಸ್ಸಿನಲ್ಲಿ ಅವನು ದವಡೆ ಚಾಚಿ, ಎಳೆದು, ಕತ್ತು ಓರೆ ಮಾಡಿ ಪರೀಕ್ಷೆ ನಡೆಸುವಾಗ ಎದುರಿನ ಸೀಟಿನವರು ಎದ್ದು ಬೇರೆ ಕಡೆ ಕೂರುತ್ತಿದ್ದರು.

ಹೆಂಡತಿ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಕಿವಿಯ ಬಗ್ಗೆ ಒಂದು ದಪ್ಪ ಪುಸ್ತಕ ತಂದುಕೊಟ್ಟಳು. ಅದನ್ನು ಅವನು ಹೊಸ ಮಾದರಿಯ ಯಂತ್ರದ ಕೈಪಿಡಿ ಓದುವಂತೆ ಪೆನ್ಸಿಲ್ ಹಿಡಿದು ಓದಿದ. ಒಂದೊಂದು ಕಿವಿಯೊಳಗೂ ಅಕ್ಕಿಕಾಳಿನಷ್ಟು ಮೂಳೆಗಳು ಮೂರು ಇವೆ, ಅದರಲ್ಲಿ ಒಂದರ ಹೆಸರು ಸುತ್ತಿಗೆ ಎಂದು ತಿಳಿದಾಗ ಅವನ ಸಂತೋಷ ಹೇಳತೀರದು. "ನೋಡೇ, ಇಷ್ಟು ವರ್ಷ ಎರಡು ಸುತ್ತಿಗೆ ಹೊತ್ಕೊಂಡು ಓಡಾಡ್ತಿದೀನಿ, ನಂಗೇ ಗೊತ್ತಿಲ್ಲ" ಎಂದ. ಆ ಮೂಳೆಗಳ ಆಚೆ ಬಸವನಹುಳುವಿನ ಚಿಪ್ಪಿನಂಥ ಸುರುಳಿ, ಸುರುಳಿಯೊಳಗೆ ಸಾವಿರಾರು ಸೂಕ್ಷ್ಮ ಎಳೆಗಳು. ಸಣ್ಣ ಸ್ವರಕ್ಕೆ ಕೆಲವು, ದಪ್ಪ ಸ್ವರಕ್ಕೆ ಕೆಲವು. ಇಂಥ ಕಸುಬುಗಾರಿಕೆ ಅವನು ಯಾವ ಕಾರ್ಖಾನೆಯ ಮಾಲಿನಲ್ಲೂ ಕಂಡಿರಲಿಲ್ಲ. ಆದರೆ ಮುಂದಿನ ಪುಟದಲ್ಲಿ ಒಂದು ಸಾಲಿತ್ತು. ಆ ಎಳೆಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಅವನು ಪೆನ್ಸಿಲ್ ಕೆಳಗಿಟ್ಟ. ಯಾವ ಯಂತ್ರಕ್ಕಾದರೂ ಬಿಡಿಭಾಗ ಸಿಗುತ್ತದೆ, ಇದಕ್ಕಿಲ್ಲ. ಈ ಕಿವಿ ಹೋದರೆ ತಾನು ಬಿಚ್ಚಿ ನೋಡುವವರ ಪಂಗಡಕ್ಕೆ ಸೇರಬೇಕು. ಐವತ್ತೊಂದನೇ ವಯಸ್ಸಿನಲ್ಲಿ, ನೋವಿರುವ ಮಂಡಿ ಇಟ್ಟುಕೊಂಡು, ಅದು ಆಗುವ ಮಾತಲ್ಲ. ಅವನಿಗೆ ಹೆದರಿಕೆಯಾಯಿತು, ಮತ್ತು ಆ ಹೆದರಿಕೆಯನ್ನು ತಪಾಸಣೆ ಪುಸ್ತಕದ ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದು ತಿಳಿಯಲಿಲ್ಲ.

ಅಂದಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಆಸ್ಪತ್ರೆಗೆ ಫೋನ್ ಮಾಡತೊಡಗಿದ. ಯಾರಾದರೂ ತಮ್ಮ ಸರದಿ ಬಿಟ್ಟುಕೊಟ್ಟಿದ್ದರೆ ಆ ಜಾಗ ಬೆಳಿಗ್ಗೆ ಮೊದಲು ಕೇಳಿದವರಿಗೆ ಸಿಗುತ್ತದೆ ಎಂದು ಯಾರೋ ಹೇಳಿದ್ದರು. ಫೋನ್ ಎತ್ತುವವಳು ಒಬ್ಬಳೇ ಹೆಂಗಸು, ದನಿಯಲ್ಲಿ ಸ್ವಲ್ಪ ನೆಗಡಿ, ಹಿಂದೆ ಪ್ರಿಂಟರಿನ ಕಿರುಗುಟ್ಟು. ಮನೆಯಲ್ಲಿ ಅವಳಿಗೆ 'ಸೋಮವಾರದಮ್ಮ' ಎಂದು ಹೆಸರು ಬಿತ್ತು.

"ನಿಮ್ಮ ಪ್ರಿಂಟರ್ ರೋಲರ್ ಸವೆದಿದೆ ಮೇಡಂ" ಎಂದ ಅವನು ಎರಡನೇ ಸೋಮವಾರ.

"ಅದೂ ಕಾಯ್ತಾ ಇದೆ ಸರ್. ನಿಮ್ಮ ಮುಂದೆ ಇನ್ನೂ ಮುನ್ನೂರ ಹನ್ನೆರಡು ಜನ."

ಮುಂದಿನ ವಾರ ಇನ್ನೂರ ತೊಂಬತ್ತೆಂಟು. ಅದರ ಮುಂದಿನ ವಾರ ಮುನ್ನೂರ ಐದು. ಸಾಲು ಹಿಂದಕ್ಕೆ ಹೋದದ್ದು ಹೇಗೆ ಎಂಬುದು ಅವನಿಗೆ ಬಿಡಿಸಲಾಗದ ಒಗಟಾಯಿತು. "ಮಧ್ಯದಲ್ಲಿ ಸೇರಿಸಿದ್ರಾ?" ಎಂದು ಕೇಳಿದ. ತುರ್ತಿನವರು ಬಂದರೆ ಮುಂದೆ ಸೇರಿಸಬೇಕಾಗುತ್ತದೆ ಎಂದು ಸೋಮವಾರದಮ್ಮ ಬೇಸರಪಡದೆ ವಿವರಿಸಿದಳು. ಅವಳನ್ನು ಹೀಗೆ ವಿಚಾರಿಸಿದವರು ಕಡಿಮೆ ಇರಬೇಕು, ಹೆಚ್ಚಿನವರು ಬೈದು ಫೋನ್ ಇಡುತ್ತಿದ್ದರು. ಹೀಗೆ ನಾಲ್ಕೂವರೆ ತಿಂಗಳು ಕಳೆಯಿತು, ಅವನ ಮುಂದಿನ ಸಾಲು ನೂರ ನಲವತ್ತಕ್ಕೆ ಇಳಿಯಿತು.

ಆಮೇಲೆ ಒಂದು ಗುರುವಾರ ಬೆಳಿಗ್ಗೆ ಎದ್ದಾಗ ಗುಂಯ್ ಇರಲಿಲ್ಲ.

ಅವನು ಹಾಸಿಗೆಯ ಮೇಲೇ ಕೂತು ಕಾದ. ದವಡೆ ಚಾಚಿದ, ಬೆರಳಿಟ್ಟ, ಬಗ್ಗಿದ, ಎದ್ದ. ಏನೂ ಇಲ್ಲ. ಹಿಂದಿನ ವಾರ ಮಂಚದ ತಲೆಯ ಕಡೆಯ ಕಾಲುಗಳಿಗೆ ಎರಡು ಮರದ ತುಂಡು ಕೊಟ್ಟು ಎತ್ತರಿಸಿದ್ದ. ಯಂತ್ರದ ಮಟ್ಟ ಸರಿಯಿಲ್ಲದಿದ್ದರೆ ಸದ್ದು ಬರುತ್ತದೆ, ತನ್ನದೂ ಅದೇ ಇರಬೇಕು ಎಂಬುದು ಅವನ ವಾದ. ಈಗ ವಾದ ಗೆದ್ದಿತು. ಪುಸ್ತಕದಲ್ಲಿ 'ಸದ್ದಿಲ್ಲ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು ಸಹಿ ಹಾಕಿದ. ಬಲಗಿವಿಯಲ್ಲಿ ಹತ್ತಿ ತುರುಕಿದಂತೆ ಇತ್ತು ನಿಜ, ಅದು ನೆಗಡಿ ಎಂದುಕೊಂಡ. ಅವನ ಕಸುಬಿನಲ್ಲಿ ಸದ್ದು ಮಾಡುವ ಯಂತ್ರ ಕೆಟ್ಟ ಯಂತ್ರ, ಸುಮ್ಮನಿರುವ ಯಂತ್ರ ಒಳ್ಳೆಯ ಯಂತ್ರ. ಇಪ್ಪತ್ತಾರು ವರ್ಷದಲ್ಲಿ ಈ ಲೆಕ್ಕ ಒಂದು ಸಲವೂ ತಪ್ಪಿರಲಿಲ್ಲ.

ಆ ದಿನಗಳಲ್ಲಿ ಲೋಕವೇ ಸುಧಾರಿಸಿದಂತೆ ಕಂಡಿತು. ಆಗ ಅವನು ಎಂದಿನಂತೆ ಬಲಗಿವಿ ವಾಲಿಸಿ ತಪಾಸಣೆ ಮಾಡಿದ ಒಂಬತ್ತು ಲಿಫ್ಟುಗಳೂ ಎಣ್ಣೆ ಕುಡಿದು ಮಲಗಿದಂತೆ ಮೆತ್ತಗಿದ್ದವು. ಒಂಬತ್ತಕ್ಕೂ 'ಸರಿಯಾಗಿದೆ' ಎಂದು ಸಹಿ ಹಾಕಿದ. ಮನೆಯಲ್ಲೂ ಎಂಥ ಶಾಂತಿ. ಊಟದ ಮೇಜಿನಲ್ಲಿ ಅತ್ತೆ ಎಡಕ್ಕೆ ಕೂತು ಎಂದಿನಂತೆ ಮಾತಾಡುತ್ತಿದ್ದರು. ಬಲಕ್ಕೆ ಕೂರುವ ಹೆಂಡತಿ ಮಾತ್ರ ಯಾಕೋ ಮಿತಭಾಷಿಯಾಗಿದ್ದಳು. ಮೊದಲ ನಾಲ್ಕೈದು ದಿನ ಸುಮ್ಮನೆ ಕೂತು ಉಂಡಂತೆ ಕಂಡಳು, ಆಮೇಲೆ ತಟ್ಟೆ ತಳ್ಳಿ ಎದ್ದು ಹೋಗುವುದು ಶುರುವಾಯಿತು. ವಯಸ್ಸಾಗುತ್ತಾ ಮನುಷ್ಯರು ಪಕ್ವವಾಗುತ್ತಾರೆ ಎಂದು ಅವನು ಮೆಚ್ಚಿಕೊಂಡ. ನಡುವೆ ಬಂದ ಸೋಮವಾರ ಫೋನನ್ನೂ ಮಾಡಲಿಲ್ಲ.

ಹನ್ನೊಂದು ದಿನ 'ಸದ್ದಿಲ್ಲ' ಬರೆದಾದ ಮೇಲೆ ಒಂದು ತೀರ್ಮಾನಕ್ಕೆ ಬಂದ. ಆಸ್ಪತ್ರೆಯವರು ಕೊಟ್ಟ ಆ ಗುರುವಾರದ ಹತ್ತು ನಲವತ್ತನ್ನು ಬಿಟ್ಟುಕೊಡಬೇಕು. ಸಾಲಿನಲ್ಲಿ ನಿಂತವರ ಕಷ್ಟ ಅವನಿಗೀಗ ಗೊತ್ತು. ತನ್ನ ಜಾಗ ಯಾರಿಗಾದರೂ ಸಿಕ್ಕಿದರೆ ಅವರಿಗೆ ಕೆಲವು ತಿಂಗಳಾದರೂ ಕಾಯುವುದು ಉಳಿಯುತ್ತದೆ.

"ಕೈಲಿರೋದನ್ನ ಬಿಡಬೇಡಿ ಅಳಿಯಂದಿರೇ" ಎಂದರು ಅತ್ತೆ. "ನೋವು ಹೋದ್ರೂ ವೈದ್ಯನ ಮನೆ ದಾರಿ ಮರೀಬಾರ್ದು."

"ರಿಪೇರಿ ಆಗಿರೋ ಯಂತ್ರಕ್ಕೆ ಮೆಕ್ಯಾನಿಕ್ ಯಾಕೆ ಅತ್ತೆ?" ಎಂದು ಅವನು ಸೋಮವಾರ ಎಂಟಕ್ಕೆ ಫೋನ್ ಎತ್ತಿಕೊಂಡ. ಐದು ತಿಂಗಳಿಂದ ಫೋನನ್ನು ಎಡಗಿವಿಗೇ ಹಿಡಿಯುತ್ತಿದ್ದ, ಬಲಗಡೆ ಗುಂಯ್ ಅಡ್ಡ ಬರುತ್ತದೆಂದು. ಇವತ್ತು ಗೆದ್ದ ದಿನವಲ್ಲವೇ, ಠೀವಿಯಿಂದ ಬಲಗಿವಿಗೆ ಹಿಡಿದ.

ರಿಂಗ್ ಆಗಲಿಲ್ಲ. ತೆಗೆದು ನೋಡಿದರೆ ಪರದೆಯ ಮೇಲೆ ಸೆಕೆಂಡುಗಳು ಓಡುತ್ತಿದ್ದವು. ಮತ್ತೆ ಹಿಡಿದ, ನಿಶ್ಶಬ್ದ. ಲೈನ್ ಸತ್ತಿದೆ ಎಂದು ಕಟ್ ಮಾಡಿ ಎರಡನೇ ಸಲ ಮಾಡಿದ. ನಿಶ್ಶಬ್ದ. ಸ್ಪೀಕರಿಗೆ ಧೂಳು ಕೂತಿರಬೇಕೆಂದು ಬಾಯಿಂದ ಊದಿ, ಅಂಗಿಗೆ ಒರೆಸಿ, ಮೂರನೇ ಸಲ ಮಾಡಿದ. ಜೇಬಿನಿಂದ ಸಣ್ಣ ಸ್ಕ್ರೂಡ್ರೈವರನ್ನೂ ತೆಗೆದಿದ್ದ. ಫೋನಿನ ಪುಣ್ಯ, ಅಷ್ಟರಲ್ಲಿ ಎದುರಿಗಿದ್ದ ಹೆಂಡತಿಯ ಮುಖ ಬದಲಾಯಿತು.

"ಆಯಮ್ಮ ಮಾತಾಡ್ತಾ ಇದಾರಲ್ರೀ" ಎಂದಳು. "ಆಗಿಂದ ಹಲೋ ಹಲೋ ಅಂತಿದಾರೆ. ನಂಗೇ ಇಲ್ಲಿಗೆ ಕೇಳಿಸ್ತಿದೆ."

ಅವನು ಫೋನನ್ನು ನಿಧಾನವಾಗಿ ಎಡಗಿವಿಗೆ ತಂದ. ನೆಗಡಿಯ ದನಿ, ಪ್ರಿಂಟರಿನ ಕಿರುಗುಟ್ಟು, ಎಲ್ಲವೂ ಅಲ್ಲಿತ್ತು. "ಸರ್, ಕೇಳಿಸ್ತಿದೆಯಾ?" ಬಲಗಿವಿಗೆ ಒಯ್ದ. ಏನೂ ಇಲ್ಲ. ಮತ್ತೆ ಎಡಕ್ಕೆ. "ಸರ್?" ಹೀಗೆ ಅತ್ತಿತ್ತ ನಾಲ್ಕು ಸಲ ಮಾಡಿದ, ಒಂದು ತಂತಿಯಲ್ಲಿ ಕರೆಂಟು ಎಲ್ಲಿಯವರೆಗೆ ಬಂದಿದೆ ಎಂದು ನೋಡುವವನ ಹಾಗೆ. ರಿಪೇರಿ ಆಗಿರಲಿಲ್ಲ. ಯಂತ್ರ ನಿಂತೇ ಹೋಗಿತ್ತು.

"ಮೇಡಂ, ಬಲಗಿವಿ ಕೇಳಿಸ್ತಾ ಇಲ್ಲ" ಎಂದ. "ಪೂರ್ತಿ."

"ಎಷ್ಟು ದಿನ ಆಯ್ತು?" ಅವಳ ದನಿಯಲ್ಲಿದ್ದ ನಗೆ ಹೋಗಿತ್ತು.

"ಹನ್ನೊಂದು ದಿನ ಮುಗೀತು. ನಾನು ವಾಸಿ ಆಯ್ತು ಅಂದ್ಕೊಂಡಿದ್ದೆ."

"ಫೋನ್ ಇಡಬೇಡಿ." ಕಾಗದ ಸರಿದ ಸದ್ದು, ಯಾರನ್ನೋ ಕರೆದ ಸದ್ದು. ಮತ್ತೆ ಅವಳು: "ಗುಂಯ್ ಅನ್ನೋದಕ್ಕೆ ಒಂದು ಸಾಲು ಸರ್. ಕಿವಿ ಇದ್ದಕ್ಕಿದ್ದಂಗೆ ನಿಂತ್ರೆ ಅದಕ್ಕೆ ಸಾಲೇ ಇಲ್ಲ. ಇವತ್ತೇ ಬರಬೇಕು, ಈಗಲೇ ಹೊರಡಿ. ಹೋದ ವಾರ ಯಾಕೆ ಫೋನ್ ಮಾಡಲಿಲ್ಲ ನೀವು?"

"ಆ ಹತ್ತು ನಲವತ್ತನ್ನ ಬೇರೆಯವರಿಗೆ ಕೊಟ್ಬಿಡಿ" ಎಂದಷ್ಟೇ ಹೇಳಿದ ಅವನು.

ಬಸ್ಸಿನಲ್ಲಿ ಹೆಂಡತಿ ಅವನ ಎಡಕ್ಕೆ ಕೂತಳು. ಗ್ರಂಥಾಲಯದಲ್ಲಿ ಇಪ್ಪತ್ತು ವರ್ಷ ತಗ್ಗಿದ ದನಿಯಲ್ಲೇ ಮಾತಾಡಿ ಅವಳಿಗೆ ಗಂಟಲೆತ್ತುವುದು ಮರೆತೇ ಹೋಗಿತ್ತು. ಅರ್ಧ ದಾರಿ ಕಳೆದ ಮೇಲೆ ಹೇಳಿದಳು, "ನಾನು ನಿಮ್ಮ ಮೇಲೆ ಎಷ್ಟು ಕೋಪ ಮಾಡ್ಕೊಂಡಿದ್ದೆ ಗೊತ್ತಾ. ಊಟದ ಹೊತ್ತಲ್ಲಿ ಒಂದು ವಿಷ್ಯ ಕೇಳಿದೆ, ನೀವು ಕೈ ತೊಳೆಯೋಕೆ ಎದ್ದು ಹೋದ್ರಿ. ಮಾರನೇ ದಿನ ಮತ್ತೆ ಕೇಳಿದೆ. ಆಗ್ಲೂ ಹಂಗೇ."

"ಏನು ಕೇಳಿದೆ?"

"ಈಗ ಬೇಡ. ಮೊದ್ಲು ಇದು ಮುಗೀಲಿ."

ಒಂದು ಕಿವೀಲಿ ಕೇಳಿ ಇನ್ನೊಂದು ಕಿವೀಲಿ ಬಿಡ್ತೀರಿ ಎಂದು ಅವಳು ಮದುವೆಯಾದಂದಿನಿಂದ ಅವನನ್ನು ಹಂಗಿಸುತ್ತಿದ್ದಳು. ಇವತ್ತು ಆ ಮಾತು ಇಬ್ಬರ ನಾಲಿಗೆಗೂ ಬಂದು, ಇಬ್ಬರೂ ನುಂಗಿಕೊಂಡರು.

ಪರೀಕ್ಷೆಯ ಕೋಣೆ ಒಂದು ಲಿಫ್ಟಿನಷ್ಟೇ ಅಗಲವಿತ್ತು, ಗೋಡೆಗೆಲ್ಲ ಸ್ಪಂಜು. ಗಾಜಿನ ಆಚೆ ಪರೀಕ್ಷೆ ಮಾಡುವವಳು. ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಗುಂಡಿ, ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಎಡಗಿವಿಯದು ಮಕ್ಕಳಾಟದಂತೆ ಮುಗಿಯಿತು. ಬಲಗಿವಿಯ ಪರೀಕ್ಷೆ ಶುರುವಾಗಿ ಅವನು ಎಂಟೋ ಹತ್ತೋ ಸಲ ಗುಂಡಿ ಒತ್ತಿದ ಮೇಲೆ ಒಂದು ವಿಷಯ ಅವನ ಗಮನಕ್ಕೆ ಬಂತು. ಎಡಗಿವಿಗೆ ಅವಳು ನಾಲ್ಕು ಸೆಕೆಂಡಿಗೊಂದು ಸದ್ದು ಕೊಟ್ಟಿದ್ದಳು. ಈಗ ತನ್ನ ಹೆಬ್ಬೆರಳು ಅದೇ ಲಯಕ್ಕೆ ತಾನಾಗಿ ಒತ್ತುತ್ತಿದೆ. ಕಿವಿಗೆ ಏನೂ ಬೀಳುತ್ತಿಲ್ಲ.

ಒಂದು ಗಳಿಗೆ ಹಾಗೇ ಮುಂದುವರಿಸೋಣ ಎನಿಸಿತು. ಕಾಗದದ ಮೇಲಾದರೂ ಕಿವಿ ಇದ್ದಂತಾಗುತ್ತದೆ. ಆಮೇಲೆ ನಾಚಿಕೆಯಾಯಿತು. ಗಾಜು ತಟ್ಟಿ ಹೇಳಿದ, "ಮೇಡಂ, ನಾನು ಅಂದಾಜಿನ ಮೇಲೆ ಒತ್ತುತಾ ಇದೀನಿ. ಸದ್ದನ್ನ ಒಂದೇ ಲಯದಲ್ಲಿ ಬೇಡ, ಹಿಂದೆ ಮುಂದೆ ಮಾಡಿ ಕೊಡಿ." ಮತ್ತೆ ಮೊದಲಿನಿಂದ ಶುರುವಾಯಿತು. ಈ ಸಲ ಅವನು ಕೈಯನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕೂತ, ಬಹಳ ಹೊತ್ತು.

ತಜ್ಞೆ ಅವನಿಗೆ ಮಗಳಾಗುವಷ್ಟು ಚಿಕ್ಕ ವಯಸ್ಸಿನವಳು. ಮುಚ್ಚುಮರೆಯಿಲ್ಲದೆ ಹೇಳಿದಳು. "ಮೊದಲ ಎರಡು ಮೂರು ದಿನದಲ್ಲೇ ಬರಬೇಕಿತ್ತು. ಎರಡು ವಾರದ ಒಳಗೆ ಬಂದಿದೀರಿ, ಆದ್ರಿಂದ ಆಸೆ ಬಿಡೋದು ಬೇಡ. ಮಾತ್ರೆ ಕೊಡ್ತೀನಿ, ಕಿವಿ ತಮಟೆಯ ಮೂಲಕ ಒಳಗೆ ಇಂಜೆಕ್ಷನ್ನೂ ಕೊಡ್ತೀನಿ. ಕೆಲವರಿಗೆ ಪೂರ್ತಿ ಬರುತ್ತೆ, ಕೆಲವರಿಗೆ ಅರ್ಧ, ಕೆಲವರಿಗೆ ಏನೂ ಬರಲ್ಲ."

"ನಾನು ಯಾವ ಪೈಕಿ?"

"ಹತ್ತು ದಿನ ಬಿಟ್ಟು ಹೇಳ್ತೀನಿ."

ಕಾರಿಡಾರಿಗೆ ಬಂದವನೇ ಮೊದಲು ಕಂಪನಿಗೆ ಫೋನ್ ಮಾಡಿದ, ಎಡಗಿವಿಗೆ ಹಿಡಿದು. "ಈ ಹನ್ನೊಂದು ದಿನದಲ್ಲಿ ಒಂಬತ್ತು ಲಿಫ್ಟಿಗೆ ಸರಿ ಅಂತ ಸಹಿ ಹಾಕಿದೀನಿ. ಕಿವುಡು ಕಿವೀಲಿ ಕೇಳಿ ಹಾಕಿದ ಸಹಿ ಅದು. ಎಲ್ಲಾನೂ ಬೇರೆಯವರ ಕೈಲಿ ಬಿಚ್ಚಿಸಿ ನೋಡಿಸಿ." ಮ್ಯಾನೇಜರ್ ಏನಯ್ಯ ಹೀಗಂದರೆ ಎಂದು ಕೂಗಾಡಿದ, ಆದರೆ ನೋಡಿಸಿದ. ಎಂಟು ಚೆನ್ನಾಗಿದ್ದವು. ಒಂಬತ್ತನೆಯದರಲ್ಲಿ ಮೇಲಿನ ಬೇರಿಂಗ್ ಸವೆಯತೊಡಗಿತ್ತು, ಯಾರಿಗೂ ಏನೂ ಆಗುವ ಮೊದಲೇ ಬದಲಾಯಿಸಿದರು. ಸುದ್ದಿ ಬಂದ ದಿನ ಅವನು ಊಟಕ್ಕೆ ಏಳಲಿಲ್ಲ. ಏಳು ತಿಂಗಳು ಕಾಯುವುದೇ ದೊಡ್ಡದು ಎಂದುಕೊಂಡಿದ್ದವನಿಗೆ ಈ ಹತ್ತು ದಿನ ಅದಕ್ಕಿಂತ ಉದ್ದವಾದವು. ಬರೆಯಲು ಏನೂ ಇರಲಿಲ್ಲ, 'ಸದ್ದಿಲ್ಲ' ಎಂದು ಬರೆಯಲು ಕೈ ಬರಲಿಲ್ಲ.

ಹತ್ತನೆಯ ದಿನದ ಪರೀಕ್ಷೆಯಲ್ಲಿ ಅವನು ಬಲಗಿವಿಗೆ ಹನ್ನೆರಡು ಸಲ ಗುಂಡಿ ಒತ್ತಿದ. ಒಂದೊಂದು ಸಲವೂ ಇದು ನಿಜವಾಗಿ ಕೇಳಿದ್ದೋ, ಬೇಕೆಂದು ಕೇಳಿಸಿಕೊಂಡದ್ದೋ ಎಂದು ಅನುಮಾನಿಸಿ, ಅನುಮಾನ ಮೀರಿದ ಮೇಲಷ್ಟೇ ಒತ್ತಿದ. ತಜ್ಞೆ ನಕ್ಷೆ ತೋರಿಸಿದಳು. ದಪ್ಪ ಸ್ವರಗಳ ಕಡೆ ಗೆರೆ ತಳದಿಂದ ಎದ್ದು ಅರ್ಧದವರೆಗೆ ಬಂದಿತ್ತು. ಸಣ್ಣ ಸ್ವರಗಳ ಕಡೆ ಬಿದ್ದಲ್ಲೇ ಇತ್ತು.

"ಬೇರಿಂಗ್ ಕೀರಲು ಯಾವ ಕಡೆ ಬರುತ್ತೆ?" ಎಂದು ಕೇಳಿದ.

ಅವಳು ಬಿದ್ದ ಗೆರೆಯ ಮೇಲೆ ಬೆರಳಿಟ್ಟಳು. "ಇದು ಇನ್ನು ಬರೋದು ಕಷ್ಟ" ಎಂದಳು.

ಅವನು ತಲೆಯಾಡಿಸಿದ. ಹಳೆಯ ಕಿವಿ ಹೋಯಿತು. ಎಡಗಿವಿಗೆ ಕಸುಬು ಕಲಿಸಬೇಕು, ಇಲ್ಲವೇ ತೋಳು ಮಡಿಸಬೇಕು, ಬಹುಶಃ ಎರಡೂ. ದುಃಖವಾಯಿತು. ಆದರೂ ದಪ್ಪ ಸ್ವರಗಳಷ್ಟೇ ಇರುವ ಕಿವಿಗೆ ಲೋಕ ಹೇಗೆ ಕೇಳಿಸುತ್ತದೋ ನೋಡಬೇಕು ಎಂಬ ಕುತೂಹಲ ಆ ದುಃಖದ ಪಕ್ಕದಲ್ಲೇ ಬಂದು ಕೂತಿತು. ಹಾಳು ಬುದ್ಧಿ, ಎಲ್ಲಿ ಹೋದರೂ ಜೊತೆಗೇ ಬರುತ್ತಿತ್ತು.

ಹೊರಗೆ ಉದ್ದನೆಯ ಬೆಂಚುಗಳ ತುಂಬ ಜನ ತಮ್ಮ ಸರದಿಗೆ ಕಾಯುತ್ತಿದ್ದರು. ಹೆಂಡತಿ ಎದ್ದು ಬಂದು, ನಕ್ಷೆ ನೋಡಿ, ಅವನ ಬಲಗಡೆಗೆ ಹೋಗಿ ನಿಂತಳು. ಬೇಕೆಂದೇ ನಿಂತಳು. ಎಂದಿನ ತಗ್ಗಿದ ದನಿಯಲ್ಲೇ ಏನೋ ಹೇಳಿದಳು.

ಸದ್ದು ಬಂತು. ಬಾವಿಯ ತಳದಲ್ಲಿ ಹನಿ ಬಿದ್ದಂತೆ ದೂರದಿಂದ, ದಪ್ಪಗೆ, ಆದರೆ ಅವಳದೇ ದನಿ. ಅವನ ಕಣ್ಣು ತುಂಬಿತು. ಮಾತು ಮಾತ್ರ ಒಂದೂ ತಿಳಿಯಲಿಲ್ಲ. ಹ್ಞೂಂ ಎಂದು ತಲೆಯಾಡಿಸಿ ಅವಳನ್ನು ಸಂತೋಷಪಡಿಸುವುದು ಸುಲಭವಿತ್ತು.

"ದನಿ ಕೇಳಿಸ್ತು ಕಣೇ. ಏನಂದೆ ಅಂತ ಗೊತ್ತಾಗಲಿಲ್ಲ. ಇನ್ನೊಂದು ಸಲ ಹೇಳು."

ಅವಳು ಮತ್ತೆ ಹೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ. ಎಡಗಡೆಗೆ ಬಾ ಎನ್ನಲು ಹೋದ, ಅವಳು ಬರಲಿಲ್ಲ. ಸೆರಗು ಸರಿಮಾಡಿಕೊಂಡು, ಉಸಿರೆಳೆದುಕೊಂಡು, ಇಡೀ ಕಾರಿಡಾರಿಗೆ ಕೇಳುವಂತೆ ಕೂಗಿದಳು. "ಲೈಬ್ರರೀಲಿ ನನ್ನನ್ನ ಶಾಖೆಯ ಮುಖ್ಯಸ್ಥೆ ಮಾಡ್ತಾರಂತೆ. ಸಂಜೆ ಬರೋದು ತಡ ಆಗುತ್ತೆ. ಒಪ್ಕೊಳ್ಳಲಾ ಬೇಡ್ವಾ ಅಂತ ಕೇಳಿದ್ದೆ. ನೀವು ಮಾತಾಡ್ಲಿಲ್ಲ. ಬೇಡ ಅಂತ ಬರೆದು ಬ್ಯಾಗಲ್ಲಿ ಇಟ್ಕೊಂಡಿದೀನಿ. ನಾಳೆ ಕೊನೇ ದಿನ."

ಬೆಂಚಿನ ಮೇಲಿದ್ದವರೆಲ್ಲ ಕಿವಿಯ ರೋಗಿಗಳು. ಆದರೂ ಒಬ್ಬರೂ ಬಿಡದೆ ತಿರುಗಿ ನೋಡಿದರು. ಅವಳ ಮುಖ ಕೆಂಪಗಾಗಿತ್ತು.

"ಒಪ್ಕೊಳ್ಳಮ್ಮ" ಎಂದರು ಮೂಲೆಯಲ್ಲಿದ್ದ ಒಬ್ಬ ಮುದುಕರು, ಕಿವಿಗೆ ಕೈ ಆನಿಸಿಕೊಂಡು. "ಇದ್ರಲ್ಲಿ ಕೇಳೋದೇನಿದೆ."

ಮೆಕ್ಯಾನಿಕ್ ಅವಳ ಬ್ಯಾಗಿನ ಕಡೆಗೆ ಕೈ ಚಾಚಿದ. "ಎಲ್ಲಿ, ಆ ಕಾಗದ ಕೊಡು" ಎಂದ.